ಕಂತು ಕಟ್ಟಿಸಿಕೊಂಡವರು ‘ಇಲ್ಲ’ ಎಂದಾಗ
(ಭಾಷಣದ ಬರಹರೂಪ)



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ತುಂಬಿದರೆ ಬೆಳೆ, ಬೋರು ಕೈಕೊಟ್ಟರೆ ಬಯಲು. ಇಂಥ ಸೀಮೆಯಲ್ಲಿ ಸಾಲ ಮಾಡದೆ ಬೀಜ ಚೆಲ್ಲುವ ರೈತ ಎಷ್ಟು ಜನ ಸಿಗುತ್ತಾರೆ? ಸಾಲ ಕೊಡುವವರು, ‘ವಿಮೆ ಮಾಡ್ಸಪ್ಪ, ನಾಳೆ ಕಷ್ಟ ಬಂದ್ರೆ ಕೈ ಹಿಡಿಯುತ್ತೆ’ ಅನ್ನುತ್ತಾರೆ. ಮಾಡಿಸುತ್ತೇವೆ. ರಾಗಿಗೆ ಮಾಡಿಸುತ್ತೇವೆ, ಮಾವಿಗೆ ಮಾಡಿಸುತ್ತೇವೆ, ಸೀಮೆಹಸುವಿಗೆ, ಟ್ರ್ಯಾಕ್ಟರಿಗೆ ಮಾಡಿಸುತ್ತೇವೆ. ಕಂತು ಕಟ್ಟಿಸಿಕೊಳ್ಳುವ ದಿನ ಒಂದು ಪ್ರಶ್ನೆಯೂ ಇಲ್ಲ. ನಷ್ಟವಾಗಿ ಹಣ ಕೇಳಿದ ದಿನ ಮಾತ್ರ ಪ್ರಶ್ನೆಗಳ ಸುರಿಮಳೆ. ಆ ಕಾಗದ ಎಲ್ಲಿ, ಈ ಸೀಲು ಎಲ್ಲಿ, ತಡ ಯಾಕೆ ಮಾಡಿದೆ, ನೀನು ಯಾರು?

‘ನೀನು ಯಾರು’ ಎಂದದ್ದು ಸುಮ್ಮನೆ ಬಾಯಿಮಾತಿಗೆ ಹೇಳಿದ್ದಲ್ಲ. ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ಹೇಳುತ್ತೇನೆ, ಕೇಳಿ. ಒಂದಷ್ಟು ರೈತರು ತಮ್ಮ ಬೆಳೆಯನ್ನು ಒಂದು ಶೀತಲಗೃಹದಲ್ಲಿ ಇಟ್ಟಿದ್ದರು. ಬೆಲೆ ಬಂದಾಗ ಮಾರೋಣ ಅಂತ. ಕೈಖರ್ಚಿಗೆ ಬೇಕಲ್ಲ, ಆ ದಾಸ್ತಾನನ್ನೇ ಅಡ ಇಟ್ಟು ಕೆನರಾ ಬ್ಯಾಂಕಿನಲ್ಲಿ ಸಾಲ ಎತ್ತಿದರು. ಬ್ಯಾಂಕು, ಶೀತಲಗೃಹ, ರೈತ, ಮೂವರೂ ಸೇರಿ ಒಪ್ಪಂದ ಬರೆದುಕೊಂಡರು. ಶೀತಲಗೃಹದವರು ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿಯಲ್ಲಿ ವಿಮೆ ಮಾಡಿಸಿದರು. 2014ರ ಜನವರಿಯಲ್ಲಿ ಒಂದು ರಾತ್ರಿ ಬೆಂಕಿ ಬಿದ್ದು ಕಟ್ಟಡವೂ ಹೋಯಿತು, ಮಾಲೂ ಹೋಯಿತು.

ಈಗ ರೈತನ ಸ್ಥಿತಿ ನೋಡಿ. ಮಾಲಿಲ್ಲ, ಸಾಲವಿದೆ, ಬಡ್ಡಿ ಓಡುತ್ತಿದೆ. ಕಂಪನಿಯನ್ನು ಕೇಳಿದರೆ, ಪಾಲಿಸಿ ಶೀತಲಗೃಹದ ಹೆಸರಿನಲ್ಲಿದೆ, ನಿಮಗೂ ನಮಗೂ ಒಪ್ಪಂದವೇ ಇಲ್ಲ ಎಂದರು. ಬೆಂಕಿ ಆಕಸ್ಮಿಕವಲ್ಲ ಎಂಬ ತಕರಾರು ಬೇರೆ. ರೈತರು ಮನೆಗೆ ಹೋಗಿ ಮಲಗಲಿಲ್ಲ. ರಾಜ್ಯ ಗ್ರಾಹಕ ಆಯೋಗಕ್ಕೆ ಹೋದರು, ಗೆದ್ದರು. ಕಂಪನಿ ರಾಷ್ಟ್ರೀಯ ಆಯೋಗಕ್ಕೆ ಹೋಯಿತು, ಅಲ್ಲೂ ರೈತರೇ ಗೆದ್ದರು. ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಫೆಬ್ರವರಿ 6ರಂದು ತೀರ್ಪು ಬಂತು. ವಿಮೆ ಯಾರ ಹೆಸರಿನಲ್ಲಿದ್ದರೂ ಅದರ ಪ್ರಯೋಜನ ಯಾರಿಗೆ ಸಲ್ಲಬೇಕೋ ಅವನೂ ಗ್ರಾಹಕನೇ, ರೈತ ಕಂಪನಿಯ ಮೇಲೆ ದೂರು ಕೊಡಬಹುದು, ಕಂಪನಿ ಹಣ ಕೊಡಲೇಬೇಕು ಎಂದಾಯಿತು. ಬೆಂಕಿ ಬಿದ್ದು ಆರು ವರ್ಷವಾಗಿತ್ತು ಅನ್ನುವುದನ್ನೂ ಮರೆಯಬೇಡಿ. ಕೆನರಾ ಬ್ಯಾಂಕ್ ವಿರುದ್ಧ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಎಂಬ ಹೆಸರಿನ ಪ್ರಕರಣ ಅದು. ಬರೆದಿಟ್ಟುಕೊಳ್ಳಿ, ವಕೀಲರಿಗೆ ಹೇಳಲು ಬೇಕಾಗುತ್ತದೆ. ಯುನೈಟೆಡ್ ಇಂಡಿಯಾ ಸರ್ಕಾರಿ ಕಂಪನಿ. ಖಾಸಗಿಯವರು ಮಾತ್ರ ಕೈ ಎತ್ತುತ್ತಾರೆ ಎಂಬ ಭ್ರಮೆ ಬೇಡ.

ವಿಮೆ ಎನ್ನುವುದು ಎರಡೂ ಕಡೆಯ ಪೂರ್ಣ ಪ್ರಾಮಾಣಿಕತೆಯ ಮೇಲೆ ನಿಂತ ಕರಾರು. ಕಾನೂನೇ ಹಾಗೆ ಹೇಳುತ್ತದೆ. ನೀವು ಹಸುವಿನ ರೋಗ ಮುಚ್ಚಿಟ್ಟು ವಿಮೆ ಮಾಡಿಸಿದರೆ ಅದು ನಿಮ್ಮ ತಪ್ಪು. ಕಂಪನಿ ಷರತ್ತನ್ನು ಮುಚ್ಚಿಟ್ಟು ಕಂತು ತೆಗೆದುಕೊಂಡರೆ, ಕಾರಣವಿಲ್ಲದೆ ಹಣ ತಡೆದರೆ, ಸುಳ್ಳು ಕಾರಣ ಹುಡುಕಿದರೆ ಅದು ಅವರ ತಪ್ಪು. ಅಮೆರಿಕದಲ್ಲಿ ಇಂಥ ಕೆಟ್ಟ ನಡತೆಗಾಗಿಯೇ ಕಂಪನಿಯ ಮೇಲೆ ಬೇರೆ ದಾವೆ ಹೂಡಿ ದೊಡ್ಡ ದಂಡ ಹಾಕಿಸುವ ಪದ್ಧತಿ ಅನೇಕ ರಾಜ್ಯಗಳಲ್ಲಿದೆ. ನಮ್ಮಲ್ಲಿ ಅದನ್ನು ‘ಸೇವಾ ನ್ಯೂನತೆ’, ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಹೆಸರಿನಲ್ಲಿ ಗ್ರಾಹಕ ಆಯೋಗದ ಮುಂದೆ ತರಬೇಕು. ವಿಮೆಯ ಹಣ, ಅದರ ಮೇಲೆ ಬಡ್ಡಿ, ಅಲೆದಾಡಿದ್ದಕ್ಕೆ ಮತ್ತು ಮನೋವ್ಯಥೆಗೆ ಪರಿಹಾರ, ದಾವೆಯ ಖರ್ಚು, ಇವಿಷ್ಟನ್ನೂ ಕೇಳಬಹುದು.

ಆದರೆ ಒಂದು ಮಾತು ನಿಷ್ಠುರವಾಗಿ ಹೇಳಬೇಕು. ಹಣ ಬರಲಿಲ್ಲ ಎಂದ ಮಾತ್ರಕ್ಕೆ ಮೋಸ ಎನ್ನಲಾಗದು. ಬೆಳೆ ವಿಮೆ ನಿಮ್ಮ ಹೊಲದ ಲೆಕ್ಕವಲ್ಲ, ಗ್ರಾಮ ಪಂಚಾಯಿತಿಯ ಲೆಕ್ಕ. ಪಂಚಾಯಿತಿಯಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಮುಖ್ಯ ಬೆಳೆಗೆ ಪಂಚಾಯಿತಿಗೆ ನಾಲ್ಕು. ಅದರ ಸರಾಸರಿ, ನಿಗದಿಯಾದ ಖಾತರಿ ಇಳುವರಿಗಿಂತ ಎಷ್ಟು ಕಡಿಮೆಯೋ ಅಷ್ಟು ಪಾಲು ಪರಿಹಾರ. ಖಾತರಿ ಇಳುವರಿ ಹೆಕ್ಟೇರಿಗೆ 1,000 ಕಿಲೋ ಎಂದು ಇಟ್ಟುಕೊಳ್ಳಿ, ಬಂದದ್ದು 700 ಕಿಲೋ, ವಿಮಾ ಮೊತ್ತ 40,000 ರೂಪಾಯಿ. ನೂರಕ್ಕೆ ಮೂವತ್ತು ಕೊರತೆ, ಆದ್ದರಿಂದ 12,000 ರೂಪಾಯಿ. ನಿಮ್ಮ ಹೊಲದಲ್ಲಿ ಒಂದು ಸೇರೂ ಬರದೆ ಪಕ್ಕದವರ ಬೆಳೆ ಚೆನ್ನಾಗಿದ್ದರೆ ಏನೂ ಇಲ್ಲ. ಇದು ಅನ್ಯಾಯ ಎನ್ನಿ, ಒಪ್ಪುತ್ತೇನೆ. ಆದರೆ ಕಂಪನಿಯ ಮೋಸವಲ್ಲ, ಯೋಜನೆಯ ರೂಪವೇ ಅದು. ಮಾವಿಗೆ ಇನ್ನೊಂದು ಬಗೆ. ಅಲ್ಲಿ ಮರ ನೋಡುವುದಿಲ್ಲ, ಮಳೆಮಾಪಕ ನೋಡುತ್ತಾರೆ. ಮಳೆಯ ಲೆಕ್ಕದ ವಿಮೆಯನ್ನು ಈ ದೇಶದಲ್ಲಿ ಮೊದಲು ವಿವರವಾಗಿ ಬರೆದಿಟ್ಟವರು ನಮ್ಮ ಹಳೇ ಮೈಸೂರು ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿ. ಅವರ ಪುಸ್ತಕ ಬಂದದ್ದು 1920ರಲ್ಲಿ. ನೂರು ವರ್ಷ ದಾಟಿತು, ನಾವಿನ್ನೂ ಮಾಪಕ ಸರಿಯಿದೆಯೇ ಎಂದು ಕೇಳುತ್ತಿದ್ದೇವೆ. ಇನ್ನು ಬೆಲೆ ಬಿದ್ದು ಕೋಲಾರದ ಮಾರುಕಟ್ಟೆಯ ಮುಂದೆ ಟೊಮೆಟೊ ಸುರಿದು ಬಂದರೆ ಅದಕ್ಕೆ ಯಾವ ಬೆಳೆ ವಿಮೆಯೂ ಇಲ್ಲ. ಆ ಜಗಳ ಬೇರೆ.

ಹಾಗಾದರೆ ಮೋಸ ಯಾವುದು? ನಿಮ್ಮ ಪಾಲಿಸಿಯಲ್ಲಿ ಬರೆದಿರುವುದನ್ನೇ ಕೊಡದಿರುವುದು. ಅಥವಾ ಕೊಡದಿರುವುದಕ್ಕೆ ಪಾಲಿಸಿಯಲ್ಲಿ ಇಲ್ಲದ ಕಾರಣ ಹುಟ್ಟಿಸುವುದು. ಇದನ್ನು ಹಿಡಿಯಲು ಒಂದೇ ಉಪಾಯ, ಅವರಿಂದ ಕಾರಣ ಬರೆಸಿಕೊಳ್ಳಬೇಕು.

ನಮ್ಮವರು ಸೋಲುವುದು ಇಲ್ಲೇ. ಏಜೆಂಟನ್ನು ಕಾಣುತ್ತೇವೆ, ‘ಮುಂದಿನ ವಾರ ಬನ್ನಿ ಗೌಡ್ರೆ’ ಅಂತಾನೆ. ಬ್ಯಾಂಕಿಗೆ ಹೋಗುತ್ತೇವೆ, ‘ಕಂಪನೀನ ಕೇಳಿ’ ಅಂತಾರೆ. ಕಂಪನಿಗೆ ಫೋನು ಮಾಡಿದರೆ ಯಾರೋ ಹುಡುಗಿ ಹಿಂದಿಯಲ್ಲಿ ಮಾತಾಡಿ ಒಂದು ನಂಬರು ಕೊಡುತ್ತಾಳೆ. ಹೀಗೇ ಎರಡು ವರ್ಷ ಕಳೆಯುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾನೂನು ಕೊಟ್ಟಿರುವ ಗಡುವೂ ಎರಡೇ ವರ್ಷ! ನೀವು ಜ್ಞಾಪನ ಪತ್ರದ ಮೇಲೆ ಜ್ಞಾಪನ ಪತ್ರ ಬರೆದರೂ ಆ ಗಡುವು ಮುಂದೆ ಹೋಗುವುದಿಲ್ಲ. ತಡಕ್ಕೆ ಸರಿಯಾದ ಕಾರಣವಿದ್ದರೆ ಆಯೋಗ ಮನ್ನಿಸಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರಬಾರದು.

ಆದ್ದರಿಂದ ಮೊದಲ ದಿನದಿಂದಲೇ ಬರಹದಲ್ಲಿ ಮಾತಾಡಿ. ಒಂದು ಹಾಳೆ ಸಾಕು, ಕನ್ನಡದಲ್ಲೇ ಬರೆಯಿರಿ. ಪಾಲಿಸಿ ನಂಬರು, ಸರ್ವೆ ನಂಬರು, ನಷ್ಟವಾದ ದಿನ, ತಿಳಿಸಿದ ದಿನ, ಕೇಳುವ ಮೊತ್ತ ಹಾಕಿ. ಕೊನೆಗೆ ಈ ಮಾತು ಸೇರಿಸಿ: ‘ಹಣ ಕೊಡುವುದಿಲ್ಲವಾದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಕೊಡುವುದಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಿ.’ ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೈಯಲ್ಲಿ ಕೊಟ್ಟರೆ ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಅಂಚೆ ರಶೀದಿಯನ್ನು ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ.

ಕಾರಣ ಬರೆಸುವುದರ ಬೆಲೆ ಏನು ಗೊತ್ತೇ? ತಿರಸ್ಕಾರ ಪತ್ರದಲ್ಲಿ ಯಾವ ಕಾರಣ ಬರೆದಿದ್ದಾರೋ ಅದಕ್ಕೇ ಕಂಪನಿ ಕಟ್ಟುಬೀಳುತ್ತದೆ. ಅಲ್ಲಿ ಬರೆಯದ ಹೊಸ ಕಾರಣವನ್ನು ಆಮೇಲೆ ಆಯೋಗದ ಮುಂದೆ ಎತ್ತುವ ಹಾಗಿಲ್ಲ. ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಬಾಯಲ್ಲಿ ಹೇಳಿದ ಕಾರಣವನ್ನು ದಿನಕ್ಕೊಂದು ಬದಲಾಯಿಸಬಹುದು, ಕಾಗದದ ಕಾರಣ ಬದಲಾಗುವುದಿಲ್ಲ. ಅದಕ್ಕೇ ಅವರು ಬರೆದುಕೊಡಲು ಅಷ್ಟು ಹಿಂಜರಿಯುವುದು.

ಅತಿ ಸಾಮಾನ್ಯ ಕಾರಣ ‘ತಡ’. ಪಂಜಾಬಿನ ಒಬ್ಬ ರೈತನ ಟ್ರ್ಯಾಕ್ಟರ್ 2010ರ ಅಕ್ಟೋಬರಿನಲ್ಲಿ ಕಳವಾಯಿತು. ಅದೇ ದಿನ ಪೋಲೀಸರಿಗೆ ದೂರು ಕೊಟ್ಟ. ಕಂಪನಿಗೆ ತಿಳಿಸುವ ಹೊತ್ತಿಗೆ 52 ದಿನವಾಗಿತ್ತು. ತಡವಾಯಿತು, ಹಣವಿಲ್ಲ ಎಂದರು. ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ರೈತನ ಪರ ತೀರ್ಪು ಕೊಟ್ಟಿತು. ಕಳವಾದ ಕೂಡಲೇ ಪೋಲೀಸರಿಗೆ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬುದೊಂದೇ ಕಾರಣಕ್ಕೆ ನಿಜವಾದ ನಷ್ಟಕ್ಕೆ ಹಣ ನಿರಾಕರಿಸುವಂತಿಲ್ಲ. ಹಾಗೆಂದು ನೀವು ತಡ ಮಾಡಬೇಡಿ. ವಿಮೆ ಮಾಡಿದ ಬೆಳೆಗೆ ಆಲಿಕಲ್ಲು ಬಿದ್ದರೆ, ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ಬೆಳೆ ಅಕಾಲ ಮಳೆಗೆ ನೆನೆದರೆ, 72 ಗಂಟೆಯೊಳಗೆ ತಿಳಿಸಬೇಕು. ಕೊಯ್ಲಾದ ಮೇಲೆ 14 ದಿನದ ತನಕ ಈ ರಕ್ಷಣೆ ಇರುತ್ತದೆ. ಫೋನು 14447. ಫೋನು ಮಾಡಿ ಸುಮ್ಮನಾಗದೆ ಬ್ಯಾಂಕಿಗೂ ಕೃಷಿ ಇಲಾಖೆಗೂ ಬರೆದು ಕೊಡಿ. ಮಾವಿನವರು ತಮ್ಮ ಪಾಲಿಸಿಯಲ್ಲಿ ಆಲಿಕಲ್ಲಿನ ರಕ್ಷಣೆ ಸೇರಿದೆಯೇ ಎಂದು ಕಂತು ಕಟ್ಟುವ ದಿನವೇ ನೋಡಿಕೊಳ್ಳಬೇಕು.

ಎರಡನೆಯ ಕಾರಣ, ‘ಸರ್ವೇಯರ್ ಹೀಗೆ ಬರೆದಿದ್ದಾರೆ’. ನಮ್ಮ ಜಮೀನು ಅಳೆಯುವ ಸರ್ವೇಯರ್ ಅಲ್ಲ, ನಷ್ಟ ಅಂದಾಜು ಮಾಡಲು ಕಂಪನಿ ನೇಮಿಸುವವರು. ಅವರ ವರದಿಗೆ ತೂಕವಿದೆ ನಿಜ, ಆದರೆ ಅದು ಬ್ರಹ್ಮಲಿಪಿಯಲ್ಲ. ಸರಿಯಾದ ಕಾರಣವಿದ್ದರೆ ಅದನ್ನು ಬಿಟ್ಟು ನಡೆಯಬಹುದೆಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ. ಅವರು ಬಂದಾಗ ಊರಿನ ನಾಲ್ಕು ಜನರನ್ನು ನಿಲ್ಲಿಸಿಕೊಳ್ಳಿ, ತಾರೀಖು ಬರುವಂತೆ ಫೋಟೋ ತೆಗೆಸಿ, ವರದಿಯ ನಕಲು ಕೇಳಿ. ಖಾಲಿ ಫಾರಂ ಮೇಲೆ ಸಹಿ ಹಾಕಬೇಡಿ.

ಸಹಿ ಎಂದಾಗ ನೆನಪಾಯಿತು. ಲಕ್ಷ ಬರಬೇಕಾದ ಕಡೆ ಮೂವತ್ತು ಸಾವಿರ ಹಿಡಿದುಕೊಂಡು ಬರುತ್ತಾರೆ. ‘ಪೂರ್ಣ ಮತ್ತು ಅಂತಿಮವಾಗಿ ಸಂದಾಯವಾಗಿದೆ’ ಎಂಬ ವೋಚರಿಗೆ ಸಹಿ ಕೇಳುತ್ತಾರೆ. ಸೊಸೈಟಿ ಸಾಲದ ಗಡುವು ತಲೆಯ ಮೇಲಿರುವಾಗ ಯಾರು ಬೇಡ ಅನ್ನುತ್ತಾರೆ? ಸಹಿ ಹಾಕಿದ ಮೇಲೆ ಎಲ್ಲ ಮುಗಿಯಿತು ಎಂದಲ್ಲ. ಮೋಸದಿಂದಲೋ ಒತ್ತಡದಿಂದಲೋ ಪಡೆದ ಸಹಿಯಾದರೆ ಉಳಿದ ಹಣಕ್ಕೆ ದೂರು ಕೊಡಬಹುದೆಂದು 1999ರ ಸುಪ್ರೀಂ ಕೋರ್ಟ್ ತೀರ್ಪಿದೆ. ಆದರೆ ಒತ್ತಡವಿತ್ತೆಂದು ತೋರಿಸುವ ಹೊಣೆ ನಿಮ್ಮದು. ಆದ್ದರಿಂದ ಸಹಿಯ ಪಕ್ಕದಲ್ಲೇ ‘ತಕರಾರಿನೊಂದಿಗೆ ಪಡೆದಿದ್ದೇನೆ’ ಎಂದು ಬರೆಯಿರಿ. ಅದಕ್ಕೆ ಬಿಡದಿದ್ದರೆ ಮಾರನೇ ದಿನವೇ ಅಂಚೆಯಲ್ಲಿ ತಕರಾರು ಕಳಿಸಿ.

ಹಸುವಿನ ವಿಚಾರಕ್ಕೆ ಬರೋಣ, ಹೆಣ್ಣುಮಕ್ಕಳು ಗಮನವಿಟ್ಟು ಕೇಳಬೇಕು. ಹಾಲಿನ ಡೇರಿಯ ದುಡ್ಡಿನಿಂದ ಮನೆ ನಡೆಯುವ ಊರುಗಳು ನಮ್ಮವು. ಹಸು ಸತ್ತರೆ ಕಂಪನಿ ಮೊದಲು ನೋಡುವುದು ಕಿವಿಯೋಲೆ. ಓಲೆ ಇಲ್ಲದಿದ್ದರೆ ಹಣವಿಲ್ಲ ಎಂಬುದು ಅವರ ಖಾಯಂ ಷರತ್ತು. ಓಲೆ ಮೇಯುವಾಗ ಪೊದೆಗೆ ಸಿಕ್ಕಿ ಕಿತ್ತುಹೋಗುತ್ತದೆ, ಆಗ ನಾವು ‘ಆಮೇಲೆ ನೋಡೋಣ’ ಎನ್ನುತ್ತೇವೆ. ಬಿದ್ದುಹೋದ ದಿನವೇ ಕಂಪನಿಗೂ ಪಶುವೈದ್ಯರಿಗೂ ತಿಳಿಸಿ ಹೊಸ ಓಲೆ ಹಾಕಿಸಿ, ಹೊಸ ನಂಬರನ್ನು ಪಾಲಿಸಿಯಲ್ಲಿ ಬರೆಸಬೇಕು. ಸತ್ತ ಹಸುವನ್ನು ಮರಣೋತ್ತರ ಪರೀಕ್ಷೆಗೆ ಮೊದಲು ಹೂಳಬೇಡಿ. ಓಲೆ ಕಾಣುವ ಹಾಗೆ ಫೋಟೋ ಇರಲಿ.

ಬೆಳೆ ವಿಮೆಯಲ್ಲಿ ಕಳ್ಳಗಂಡಿ ಇರುವುದು ದಾಖಲೆಯಲ್ಲಿ. ನೀವು ರಾಗಿಗೆ ಕಂತು ಕಟ್ಟಿರುತ್ತೀರಿ. ಹೊಲದಲ್ಲಿ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಇರುತ್ತದೆ. ಬೆಳೆ ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ಫೋಟೋ ಹೊಡೆದು ಅವರೆ ಎಂದು ಹಾಕಿಬಿಟ್ಟರೆ, ವಿಮೆಯ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಿಲ್ಲ ಎಂದು ಅರ್ಜಿ ಬಿದ್ದುಹೋಗುತ್ತದೆ. ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ಎಂಬುದನ್ನು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಬಹುದು, ಆಕ್ಷೇಪಣೆಯನ್ನೂ ಹಾಕಬಹುದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಈ ಕೆಲಸ ಒಪ್ಪಿಸಿ, ಬೆಳೆ ಹೊಲದಲ್ಲಿರುವಾಗಲೇ ಮಾಡಿಸಿ.

ಇನ್ನೊಂದು ಗಂಡಿ ಬ್ಯಾಂಕಿನಲ್ಲಿದೆ. 2020ರ ಮುಂಗಾರಿನಿಂದ ಸಾಲಗಾರರಿಗೆ ಬೆಳೆ ವಿಮೆ ಕಡ್ಡಾಯವಲ್ಲ. ಬೇಡವಾದರೆ ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲೇ ಬರೆದುಕೊಡಬೇಕು, ಇಲ್ಲವಾದರೆ ಕಂತು ಕಡಿಯುತ್ತಾರೆ. ಕಡಿದ ಮೇಲೆ ನಿಮ್ಮ ಹೆಸರನ್ನು ವಿಮಾ ಪೋರ್ಟಲಿಗೆ ಏರಿಸದಿದ್ದರೆ? ಬೇರೆ ಬೆಳೆ, ಬೇರೆ ಪಂಚಾಯಿತಿ ನಮೂದಿಸಿದರೆ? ಯೋಜನೆಯ ಮಾರ್ಗಸೂಚಿಯ ಪ್ರಕಾರ ಅಂಥ ತಪ್ಪಿನ ನಷ್ಟಕ್ಕೆ ಬ್ಯಾಂಕೇ ಹೊಣೆ. ಆದ್ದರಿಂದ ದೂರಿನಲ್ಲಿ ಕಂಪನಿಯನ್ನು ಮಾತ್ರವಲ್ಲ, ಬ್ಯಾಂಕನ್ನೂ ಎದುರುದಾರನನ್ನಾಗಿ ಮಾಡಿ. ಇಲ್ಲವಾದರೆ ಕಂಪನಿ ಬ್ಯಾಂಕಿನ ಕಡೆ ಕೈ ತೋರಿಸುತ್ತದೆ, ಬ್ಯಾಂಕು ಕಂಪನಿಯ ಕಡೆ. ಪಾಸ್‌ಬುಕ್ಕಿನಲ್ಲಿ ಕಂತು ಕಡಿದ ಸಾಲು ನಿಮ್ಮ ಮೊದಲ ಸಾಕ್ಷಿ.

ಕಟಾವು ಪ್ರಯೋಗದ ಅಂಕಿ, ಮಳೆಯ ಅಂಕಿ ನಂಬುವ ಹಾಗಿಲ್ಲ ಎನಿಸಿದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಖಾಸಗಿ ಕಂಪನಿಗೆ ಈ ಕಾಯ್ದೆ ನೇರವಾಗಿ ತಾಗುವುದಿಲ್ಲ, ಅರ್ಜಿ ಇಲಾಖೆಗೆ ಹಾಕಿ. ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ಪ್ರಯೋಗ ನಡೆಯಿತು ಎಂದು ಕೇಳಿ ನೋಡಿ. ಆ ಹೊಲದ ರೈತನನ್ನೇ ‘ನಿನ್ನ ಹೊಲದಲ್ಲಿ ಯಾವಾಗಪ್ಪ ಕೊಯ್ದ್ರು?’ ಎಂದು ವಿಚಾರಿಸಿ. ಎಷ್ಟೋ ವಿಷಯ ಅಲ್ಲೇ ಹೊರಗೆ ಬೀಳುತ್ತದೆ. ಇದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಪಂಚಾಯಿತಿಯ ರೈತರು ಸೇರಿ ಮಾಡುವುದು ಲೇಸು, ನಷ್ಟ ಎಲ್ಲರಿಗೂ ಒಂದೇ ಲೆಕ್ಕದ್ದು.

ಇನ್ನು ದೂರು ಕೊಡುವುದು ಎಲ್ಲಿ? ಬೆಳೆ ವಿಮೆಗೆ ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿ ಇದೆ, ಮೊದಲು ಅಲ್ಲಿ ಅರ್ಜಿ ಹಾಕಿ. ಟ್ರ್ಯಾಕ್ಟರ್, ಮನೆ, ಅಪಘಾತ, ಜೀವ ವಿಮೆಯಂಥವಕ್ಕೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯೂ ಇದೆ, ಖರ್ಚಿಲ್ಲ. ಕಂಪನಿಗೆ ಬರೆದು ಒಂದು ತಿಂಗಳು ಕಾಯಬೇಕು, ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ಉಳಿದಂತೆ ಕೋಲಾರದ ಜಿಲ್ಲಾ ಗ್ರಾಹಕ ಆಯೋಗವೇ ದಾರಿ. ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ದೂರನ್ನು ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಂದ ದೊಡ್ಡ ಅನುಕೂಲ ಇದು. ಶುಲ್ಕವನ್ನು ನೀವು ಕೇಳುವ ಮೊತ್ತದ ಮೇಲಲ್ಲ, ನೀವು ಕಟ್ಟಿದ ಕಂತಿನ ಮೇಲೆ ಲೆಕ್ಕ ಹಾಕುತ್ತಾರೆ. ಐದು ಲಕ್ಷದ ತನಕ ಶುಲ್ಕವೇ ಇಲ್ಲ. ನಮ್ಮಲ್ಲಿ ಐದು ಲಕ್ಷ ಕಂತು ಕಟ್ಟುವವರು ಯಾರಿದ್ದಾರೆ? ವಕೀಲರಿಲ್ಲದೆ ನೀವೇ ನಿಂತು ಮಾತಾಡಬಹುದು. ಆದರೂ ವೈದ್ಯರ ವರದಿ, ಸರ್ವೇಯರ್ ವರದಿಗಳ ತಕರಾರಿದ್ದರೆ ವಕೀಲರಿರುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ನೋಟೀಸು ತಲುಪಿದ ಮೇಲೆ ಕಂಪನಿ 30 ದಿನದಲ್ಲಿ ಉತ್ತರ ಹಾಕಬೇಕು. ಆಯೋಗ ಇನ್ನು 15 ದಿನ ಕೊಡಬಹುದು, ಅದರಾಚೆಗೆ ಒಂದು ದಿನವೂ ಇಲ್ಲ. ಹಿಲ್ಲಿ ಶೀತಲಗೃಹದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಕೊಟ್ಟ ತೀರ್ಪು ಇದು, ಅಲ್ಲಿಯೂ ಎದುರುದಾರ ವಿಮಾ ಕಂಪನಿಯೇ. ವಾಯಿದೆಯ ಮೇಲೆ ವಾಯಿದೆ ಕೇಳಿದರೆ ಇದನ್ನು ಆಯೋಗದ ಗಮನಕ್ಕೆ ತನ್ನಿ. ದೂರನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆಯಲ್ಲಿದೆ. ಅಷ್ಟರಲ್ಲಿ ಮುಗಿಯುತ್ತದೆಂದು ನಂಬಿ ಸಾಲದ ವ್ಯವಸ್ಥೆ ಮಾಡದೆ ಕೂರಬೇಡಿ.

ಏಕೆಂದರೆ ಸಾಲ ಕಾಯುವುದಿಲ್ಲ. ಸಹಕಾರ ಸಂಘದ ಶೂನ್ಯ ಬಡ್ಡಿ ಸಾಲ ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ, ತಪ್ಪಿದರೆ ಬಡ್ಡಿ ಬೀಳುತ್ತದೆ. ನೂರಕ್ಕೆ 12ರಂತೆ ಒಂದು ಲಕ್ಷಕ್ಕೆ ಎರಡು ವರ್ಷ ಹಿಡಿದರೆ 24,000 ರೂಪಾಯಿ. ಕೈಸಾಲವಾದರೆ ಲೆಕ್ಕ ನಿಮಗೇ ಗೊತ್ತು. ಕಂಪನಿ ತಡ ಮಾಡಿದ ಪ್ರತಿ ತಿಂಗಳೂ ನಮ್ಮ ಹೊಲದ ಮೇಲೆ ಬೀಳುವ ಭಾರ ಇದು. ಹಾಗಾಗಿ ದೂರಿನಲ್ಲಿ ಬಡ್ಡಿ ಕೇಳುವುದನ್ನು ಮರೆಯಬಾರದು, ಸಾಲದ ಖಾತೆಯ ವಿವರವನ್ನು ಲಗತ್ತಿಸಿ. ಬೆಳೆ ವಿಮೆಯಲ್ಲಂತೂ 2018ರ ಮಾರ್ಗಸೂಚಿಯೇ ಗಡುವು ಮೀರಿ ಎರಡು ತಿಂಗಳಾದರೆ ಕಂಪನಿ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಕೊಡಬೇಕೆನ್ನುತ್ತದೆ. ಯಾರೂ ಕೇಳುವುದಿಲ್ಲ, ಅವರೂ ಕೊಡುವುದಿಲ್ಲ.

ಆದೇಶ ನಿಮ್ಮ ಕಡೆ ಆಯಿತೆನ್ನಿ. ಕಂಪನಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಮೊದಲು ಆದೇಶದ ಅರ್ಧ ಹಣ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗದಲ್ಲಿ ಅಮಲ್ಜಾರಿ ಅರ್ಜಿ ಹಾಕಿ. ಸಿವಿಲ್ ಕೋರ್ಟಿನ ಡಿಕ್ರಿಯಂತೆ ವಸೂಲು ಮಾಡಿಸಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದ ತನಕ ಸೆರೆ, 25,000ದಿಂದ ಒಂದು ಲಕ್ಷದ ತನಕ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ. ಆದೇಶದ ದೃಢೀಕೃತ ಪ್ರತಿ ಸಿಕ್ಕ ದಿನವೇ ಅದರ ನಕಲನ್ನು ಕಂಪನಿಗೂ ಬ್ಯಾಂಕಿಗೂ ಸ್ವೀಕೃತಿ ಸಮೇತ ಕಳಿಸಿಬಿಡಿ. 45 ದಿನ ಎಣಿಸುವಾಗ ‘ನಮಗೆ ತಲುಪಿಲ್ಲ’ ಎಂಬ ಮಾತಿಗೆ ಜಾಗವಿರಬಾರದು.